ಸೂಜಿಮೂತಿಯ ಒಂಬತ್ತು ದಿನ

ಗಂಡ ತೀರಿಕೊಂಡ ಏಳನೆಯ ವಾರ, ಒಂದು ಸೋಮವಾರ ಬೆಳಿಗ್ಗೆ, ಮೀನಂಗಡಿಯವನು ಫೋನ್ ಮಾಡಿ, "ಅಮ್ಮಾ, ಸಾಹೇಬ್ರು ಹೇಳಿಟ್ಟಿದ್ದ ಮೀನು ಬಂದಿದೆ, ಕಳಿಸ್ಲಾ?" ಎಂದು ಕೇಳಿದ. ಟೈಲರಮ್ಮನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ತನ್ನ ಗಂಡನನ್ನು ಸಾಹೇಬರು ಎಂದು ಕರೆದವರನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ. ಅವನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುತ್ತಿದ್ದ ಮನುಷ್ಯ. ಯಾರದೋ ಮನೆಯ ಮೆಟ್ಟಿಲು ಹತ್ತುತ್ತ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ, ಅಷ್ಟೇ.

"ಅವರು ಹೋಗಿ ಒಂದೂವರೆ ತಿಂಗಳಾಯ್ತಪ್ಪ," ಎಂದಳು.

ಅಂಗಡಿಯವನು, "ಗೊತ್ತಿರ್ಲಿಲ್ಲಮ್ಮ. ಎಂಟು ತಿಂಗಳಿಂದ ಕೇಳ್ತಾನೇ ಇದ್ರು ಪಾಪ. ಬಿಡಿ, ಬೇರೆ ಯಾರಿಗಾದ್ರೂ ಕೊಡ್ತೀನಿ. ಇದನ್ನ ಸಾಕೋದು ಸುಲಭ ಅಲ್ಲ, ಬಲು ನಾಚಿಕೆ ಮೀನು. ಹೊಸ ಜಾಗದಲ್ಲಿ ಊಟಾನೇ ಮಾಡಲ್ಲ," ಎಂದ.

ಇಷ್ಟಕ್ಕೇ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಸುಲಭ ಅಲ್ಲ ಎಂದು ಯಾರಾದರೂ ಹೇಳಿದರೆ ಟೈಲರಮ್ಮನಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ತೋಳು ಕೂರಿಸಲು ಆಗುವುದಿಲ್ಲ ಎಂದು ಊರಿನ ದರ್ಜಿಗಳೆಲ್ಲ ಕೈಬಿಟ್ಟ ಕೋಟುಗಳನ್ನು ಹಟಕ್ಕೆ ಬಿದ್ದು ಹೊಲಿದುಕೊಟ್ಟವಳು ಅವಳು. "ಕಳಿಸಪ್ಪ," ಎಂದುಬಿಟ್ಟಳು. ಫೋನ್ ಇಟ್ಟ ಮೇಲೆ ತಾನು ಏನು ಮಾಡಿಕೊಂಡೆ ಎಂದು ನೋಡಿದಳು. ಇಪ್ಪತ್ತೆರಡು ವರ್ಷದಿಂದ ಅವಳು ಹಗೆ ಸಾಧಿಸುತ್ತಿದ್ದುದು ಗಂಡನ ಮೀನಿನ ತೊಟ್ಟಿಯ ಮೇಲೆಯೇ.

ಅವರ ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆ ಹೊಲಿಗೆಯದು. ಒಳಕೋಣೆ ಉಳಿದೆಲ್ಲದಕ್ಕೂ. ನಡುವಿನ ಗೋಡೆಯಲ್ಲಿ ಒಂದು ಹಳೆಯ ಕಿಟಕಿ ಇತ್ತು. ಗಂಡ ಆ ಕಿಟಕಿಯ ಚೌಕಟ್ಟು ಕಿತ್ತು, ಅಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ ಕೂರಿಸಿ, ಸಮುದ್ರದ ಉಪ್ಪು ಕಲಸಿದ ನೀರು ತುಂಬಿದ್ದ. ಎರಡೂ ಕೋಣೆಯಿಂದ ಕಾಣುವ ತೊಟ್ಟಿ. ದುಡಿಮೆ ಮುಗಿಸಿ ನಾಲ್ಕು ಗಂಟೆಗೆ ಮನೆಗೆ ಬಂದು, ಚಹಾ ಲೋಟ ಹಿಡಿದು ಒಳಕೋಣೆಯ ಮರದ ಕುರ್ಚಿಯಲ್ಲಿ ಕೂತನೆಂದರೆ ಆರು ಗಂಟೆಯವರೆಗೆ ಅಲ್ಲಾಡುವವನಲ್ಲ. ಆ ಹೊತ್ತಿನಲ್ಲಿ ಅವಳು ಮುಂದಿನ ಕೋಣೆಯಲ್ಲಿ, ಬೀದಿ ಕಿಟಕಿಯ ಬೆಳಕಿಗೆ ಮುಖ ಮಾಡಿ, ತೊಟ್ಟಿಗೆ ಬೆನ್ನು ಹಾಕಿ, ಕಾಲು ಮೆಷಿನ್ ತುಳಿಯುತ್ತಿರುತ್ತಿದ್ದಳು.

"ಮೀನೂ ಮಾತಾಡಲ್ಲ, ನೀವೂ ಮಾತಾಡಲ್ಲ. ಒಳ್ಳೆ ಜೋಡಿ," ಎಂದು ಅಲ್ಲಿಂದಲೇ ಕೂಗುತ್ತಿದ್ದಳು.

"ಹೂಂ," ಎನ್ನುತ್ತಿದ್ದ ಅವನು.

"ನನ್ನ ಮುಖ ಯಾವಾಗ ನೋಡಿದ್ರಿ ಕೊನೆ ಸಲ?"

"ಹೂಂ."

ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನಾಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಬೆಂಕಿಪೊಟ್ಟಣಕ್ಕೆ ತುಂಬೀತು. ಮಕ್ಕಳಾಗಲಿಲ್ಲ. ಅದಕ್ಕೆ ಅವಳು ಅತ್ತಿದ್ದು ಒಂದು ಕಾಲ, ಮರೆತದ್ದು ಒಂದು ಕಾಲ. ಆದರೆ ಮಾತಿಲ್ಲದ್ದನ್ನು ಮರೆತವಳಲ್ಲ. ಕೈಹಿಡಿದವನು ಮೂರು ಹೊತ್ತೂ ಮೀನು ನೋಡಿಕೊಂಡು ಕೂರುತ್ತಾನೆ, ತನ್ನ ಕಡೆ ಕಣ್ಣೆತ್ತಿ ನೋಡುವುದಿಲ್ಲ ಎಂಬ ಕಲ್ಲು ಅವಳ ಎದೆಯಲ್ಲಿ ಹಾಗೇ ಕೂತಿತ್ತು. ಅವನು ಸತ್ತ ಮೇಲೂ ಅದು ಕರಗಲಿಲ್ಲ.

ಅವನಾಡಿದ ಆ ಬೆಂಕಿಪೊಟ್ಟಣದಷ್ಟು ಮಾತಿನಲ್ಲಿ ಒಂದು ಮಾತ್ರ ಅವಳಿಗೆ ಚೆನ್ನಾಗಿ ನೆನಪಿತ್ತು. ಅವನು ಯಾವುದೋ ಊರಿಗೆ ಹೋಗಬೇಕಾಗಿ ಬಂದಾಗ, ಮೀನಿಗೆ ನಾನು ಊಟ ಹಾಕ್ತೀನಿ ಎಂದು ಅವಳು ಅಂದಿದ್ದಳು. ಅವನು ನಕ್ಕು, "ನಿನ್ನ ಕೈಗೆ ಕೊಟ್ರೆ ಎಂಟು ದಿನ ಬದುಕಲ್ಲ ಅವು," ಎಂದಿದ್ದ. ಊರಿಗೆ ಹೋಗುವುದನ್ನೇ ಬಿಟ್ಟಿದ್ದ.

ಆ ಮಾತು ಸುಳ್ಳು ಎಂದು ತೋರಿಸಬೇಕಿತ್ತು ಅವಳಿಗೆ. ತೋರಿಸುವುದು ಯಾರಿಗೆ ಎಂದು ಕೇಳಬಾರದು.

ಮೀನು ಮಧ್ಯಾಹ್ನ ಬಂತು, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಮೇಲೆ ಕಾಗದ ಸುತ್ತಿಕೊಂಡು. ಅಂಗೈಯಗಲದ ಚಪ್ಪಟೆ ಮೀನು. ಬಿಳಿ ಮೈಮೇಲೆ ಉದ್ದುದ್ದ ಕಿತ್ತಳೆ ಪಟ್ಟೆ, ಬಾಲದ ಹತ್ತಿರ ಕಣ್ಣಿನಂಥದೇ ಒಂದು ಕಪ್ಪು ಚುಕ್ಕೆ. ಮೂತಿಯಂತೂ ಮುಂದಕ್ಕೆ ಚಾಚಿ ಚಾಚಿ ಚೂಪಾಗಿತ್ತು. ಅಂಗಡಿಯವನು ಅದಕ್ಕೆ ಏನೋ ಚಿಟ್ಟೆ ಮೀನು ಎಂದ. ಟೈಲರಮ್ಮ ಒಮ್ಮೆ ನೋಡಿ, "ಸೂಜಿಮೂತಿ," ಎಂದಳು. ಆಮೇಲೆ ಆ ಮನೆಯಲ್ಲಿ ಅದಕ್ಕೆ ಅದೇ ಹೆಸರು.

ಅಂಗಡಿಯವನು ಫೋನಿನಲ್ಲಿ ಒಂದೊಂದೇ ಹೇಳುತ್ತ ಹೋದ, ಅವಳು ಮಾಡುತ್ತ ಹೋದಳು. ತೊಟ್ಟಿಯ ದೀಪ ಆರಿಸಿದಳು. ಚೀಲವನ್ನು ಕಟ್ಟಿದಂತೆಯೇ ತೊಟ್ಟಿಯ ನೀರಿನ ಮೇಲೆ ಕಾಲು ಗಂಟೆ ತೇಲಿಬಿಟ್ಟಳು, ಒಳಗಿನ ಹೊರಗಿನ ನೀರು ಒಂದೇ ಹದಕ್ಕೆ ಬರಲೆಂದು. ಆಮೇಲೆ ಮೀನನ್ನು ಚೀಲದ ನೀರಿನ ಸಮೇತ ಬಕೆಟ್ಟಿಗೆ ಬಿಟ್ಟು, ತೊಟ್ಟಿಯಿಂದ ಸಣ್ಣ ಕೊಳವೆ ಇಳಿಬಿಟ್ಟು, ಕೊಳವೆಗೆ ಒಂದು ಗಂಟು ಹಾಕಿ, ತೊಟ್ಟಿಯ ನೀರು ಹನಿಹನಿಯಾಗಿ ಬಕೆಟ್ಟಿಗೆ ಬೀಳುವಂತೆ ಮಾಡಬೇಕಿತ್ತು. "ಗಂಟು ಬಿಗಿಯಾದ್ರೆ ನೀರು ನಿಲ್ಲುತ್ತೆ, ಸಡಿಲಾದ್ರೆ ಸುರಿಯುತ್ತೆ. ಎಲ್ರೂ ಎಡವೋದು ಅಲ್ಲೇ," ಎಂದ. ಟೈಲರಮ್ಮ ಮೂಗು ಮುರಿದಳು. ಗಂಟು ಹಾಕುವುದನ್ನು ಇವನಿಂದ ಕಲಿಯಬೇಕೇ? ಒಂದೇ ಸಲಕ್ಕೆ ಹಾಕಿದ ಗಂಟು, ಒಂದು ಗಂಟೆ ಹೊತ್ತು ಒಂದೇ ಲೆಕ್ಕದಲ್ಲಿ ಹನಿಯಿತು.

ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟ ಕೂಡಲೇ ಸೂಜಿಮೂತಿ ಕಲ್ಲಿನ ಸಂದಿಗೆ ನುಗ್ಗಿತು. ನುಗ್ಗಿದ್ದೇ ನುಗ್ಗಿದ್ದು, ಸಂಜೆಯವರೆಗೆ ಬಾಲದ ಮೇಲಿನ ಸುಳ್ಳುಕಣ್ಣು ಬಿಟ್ಟರೆ ಏನೂ ಕಾಣಲಿಲ್ಲ.

ತೊಟ್ಟಿಯಲ್ಲಿ ಮೊದಲೇ ಮೂರು ಮೀನಿದ್ದವು. ಎರಡು ಕಿತ್ತಳೆ ಮೀನು, ಗಂಡ ಹೆಂಡತಿ. ಇನ್ನೊಂದು ಹೆಬ್ಬೆರಳಷ್ಟು ಉದ್ದದ ನೀಲಿ ಪುಂಡ. ಯಜಮಾನ ಹೋದಂದಿನಿಂದ ಇವಕ್ಕೆ ಊಟ ಹಾಕುತ್ತಿದ್ದವಳು ಟೈಲರಮ್ಮನೇ. ಹಾಕುವುದೆಂದರೇನು, ಬೆಳಿಗ್ಗೆ ಹಲ್ಲುಜ್ಜುವ ಮೊದಲು ಒಂದು ಚಿಟಿಕೆ ಎಸೆದು, "ತಿಂದ್ರೆ ತಿನ್ನಿ, ಬಿಟ್ರೆ ಬಿಡಿ," ಎಂದು ಹೋಗುತ್ತಿದ್ದಳು. ಅವೂ ಅವಳ ಮುಖ ಕಂಡರೆ ಮೂಲೆ ಸೇರಿ, ಅವಳು ಹೋದ ಮೇಲೆ ಕದ್ದು ತಿನ್ನುತ್ತಿದ್ದವು. ಹಾಗೆ ತಾನೇ ಹೆದರಿಕೊಂಡಿದ್ದ ನೀಲಿ ಪುಂಡನಿಗೆ ಹೊಸಬ ಬಂದದ್ದೇ ತಡ, ಎಲ್ಲಿಲ್ಲದ ಗಂಡಸುತನ ಬಂತು. ಎರಡನೆಯ ದಿನ ಸೂಜಿಮೂತಿಯ ರೆಕ್ಕೆಯ ಅಂಚು ಹರಿದಿತ್ತು.

"ಕಲ್ಲೆಲ್ಲ ಎತ್ತಿ ಬೇರೆ ಥರ ಜೋಡಿಸಿ ಅಮ್ಮ. ಪುಂಡನಿಗೆ ತನ್ನ ಜಾಗ ಯಾವ್ದು ಅಂತಾನೇ ಮರೆತುಹೋಗುತ್ತೆ," ಎಂದ ಅಂಗಡಿಯವನು.

ಅವಳು ತೋಳು ಮಡಚಿ ಕೈ ಇಳಿಸಿದಳು, ಆದರೆ ಕಲ್ಲು ಎತ್ತಲಿಲ್ಲ. ಆ ಕಲ್ಲುಗಳನ್ನು ಅವಳ ಗಂಡ ಒಂದು ಭಾನುವಾರ ಪೂರ್ತಿ ಕೂತು ಜೋಡಿಸಿದ್ದ. ಜೋಡಿಸಿದ್ದು ಏನೂ ಚೆನ್ನಾಗಿರಲಿಲ್ಲ. ಎಡಕ್ಕೆ ಒಂದು ಗುಡ್ಡೆ, ಬಲಕ್ಕೆ ಒಂದು ಗುಡ್ಡೆ, ನಡುವೆ ಹಲ್ಲು ಬಿದ್ದ ಬಾಯಿಯಂತೆ ಖಾಲಿ. "ಮಧ್ಯಕ್ಕೂ ಒಂದು ಕಲ್ಲಿಡಬಾರದಾ?" ಎಂದು ಅವಳು ಆಗಲೇ ಕೇಳಿದ್ದಳು. ಹೂಂ ಎಂದವನು ಇಟ್ಟಿರಲಿಲ್ಲ. ಈಗ ತಾನು ಕೈಹಾಕಿ ಕೆಡಿಸುವುದು ಬೇಡ ಎನಿಸಿತು. ಬದಲಿಗೆ ಪೆಟ್ಟಿಗೆ ತೆಗೆದು, ಗೌನಿಗೆಂದು ತಂದು ಮಿಕ್ಕಿದ್ದ ನೈಲಾನ್ ಜಾಲರಿಯನ್ನು ನಾಲ್ಕು ಸಲ ತೊಳೆದು, ತೊಟ್ಟಿಯ ಅಗಲಕ್ಕೆ ಅಳತೆ ಹಿಡಿದು, ಅಂಚಿನಲ್ಲಿ ಗಾಜಿನ ಕಡ್ಡಿ ತೂರಿಸಿ ಕೈಯಲ್ಲೇ ಹೊಲಿದಳು. ಮೂಲೆಗೆ ಅಡ್ಡಲಾಗಿ ನಿಲ್ಲಿಸಿದಳು. ಸೂಜಿಮೂತಿ ಆ ಕಡೆ, ಪುಂಡ ಈ ಕಡೆ. ಪುಂಡ ಎರಡು ಸಲ ಬಂದು ಜಾಲರಿಗೆ ಮೂತಿ ಗುದ್ದಿಸಿಕೊಂಡು ಹೋದ.

"ಅಂಗಡೀಲಿ ಸಿಗೋದಕ್ಕಿಂತ ನೀಟಾಗಿದೆ," ಎಂದ ಫೋಟೋ ನೋಡಿದ ಅಂಗಡಿಯವನು. ಅಷ್ಟಕ್ಕೇ ಅವಳು ಆ ದಿನ ಎರಡು ತುತ್ತು ಹೆಚ್ಚು ಉಂಡಳು.

ಆದರೆ ಸೂಜಿಮೂತಿ ಉಣ್ಣಲಿಲ್ಲ. ಹೆಪ್ಪುಗಟ್ಟಿದ ಸೀಗಡಿ ಮರಿ ಕರಗಿಸಿ ಹನಿ ಹಾಕುವ ಕೊಳವೆಯಲ್ಲಿ ಅದರ ಮೂತಿಯ ಮುಂದೆ ಬಿಟ್ಟಳು. ನೋಡಲಿಲ್ಲ. ಜೀವಂತ ಹುಳ ತರಿಸಿ ಬಿಟ್ಟಳು. ಹುಳಗಳು ಜಾಲರಿ ದಾಟಿ ಪುಂಡನ ಹೊಟ್ಟೆ ಸೇರಿದವು. ಕಪ್ಪೆಚಿಪ್ಪನ್ನು ಚಾಕುವಿನಲ್ಲಿ ಬಾಯಿ ತೆರೆಸಿ ಸಂದಿಯ ಮುಂದೆ ಇಟ್ಟಳು. ಚಿಪ್ಪಿನೊಳಗೆ ಮೂತಿ ತೂರಿಸಿ ಕುಕ್ಕಿ ತಿನ್ನುವುದೆಂದರೆ ಈ ಜಾತಿಗೆ ಪ್ರಾಣವಂತೆ. ಎರಡು ಗಂಟೆ ಕಾದು, ನೀರು ಕೆಟ್ಟೀತೆಂದು ಅದನ್ನೂ ತೆಗೆದು ಬಿಸಾಡಿದಳು.

"ಸದ್ದುಗದ್ದಲ ಇದೆಯಾ ಮನೇಲಿ?" ಎಂದು ಕೇಳಿದ ಅಂಗಡಿಯವನು. "ಈ ಮೀನಿಗೆ ಸದ್ದಾದ್ರೆ ಆಗಲ್ಲ. ಜನ ಬಂದು ಇಣುಕೋದೂ ಆಗಲ್ಲ. ಒಂದು ಕಡೆ ಮುಚ್ಚಿಬಿಡಿ."

ಹೊಲಿಸಲು ಬಂದವರೆಲ್ಲ ತೊಟ್ಟಿಗೆ ಮೂಗು ಒತ್ತಿ ನೋಡುವುದು ಆ ಮನೆಯ ರೂಢಿ. ಅದಕ್ಕೆ ಟೈಲರಮ್ಮ ಜೇಬಿಗೆ ಹಾಕುವ ಬಿಳಿ ಬಟ್ಟೆಯನ್ನು ಎರಡು ಮೀಟರ್ ಕತ್ತರಿಸಿ, ಮುಂದಿನ ಕೋಣೆಯ ಕಡೆ ತೊಟ್ಟಿಗೆ ಪರದೆ ಕಟ್ಟಿದಳು. ಮೆಷಿನ್ನಿನ ಮೇಲೆ ಮರದ ಮುಚ್ಚಳ ಹಾಕಿದಳು. ಗಂಡ ಸತ್ತ ಮೇಲೆ ಅವಳು ಮೆಷಿನ್ ಮುಟ್ಟಿಯೇ ಇರಲಿಲ್ಲ ಎನ್ನುವುದು ಬೇರೆ ಮಾತು. ಇಷ್ಟು ದಿನ ಅದಕ್ಕೆ ಕಾರಣ ಹುಡುಕಬೇಕಿತ್ತು. ಈಗ ಒಂದು ಸಿಕ್ಕಿತು.

ಪುಟ್ಟಿ ಇದನ್ನು ಸರಿಯಾಗಿ ಹಿಡಿದಳು. ಪುಟ್ಟಿ ಎಂದರೆ ನಾದಿನಿ, ಗಂಡನ ತಂಗಿ. ತಲೆ ಅರ್ಧ ನೆರೆತ, ಐವತ್ತೆರಡು ವರ್ಷದ ಹೆಂಗಸಿಗೆ ಅಣ್ಣ ಇಟ್ಟ ಆ ಹೆಸರು ಹಾಗೇ ಉಳಿದಿತ್ತು. ಎದುರು ಮನೆಯಲ್ಲೇ ಇದ್ದಳು. ಗುಂಡಿ ಹೊಲಿಯಲು, ಅಂಚು ಮಡಚಲು ಬರುತ್ತಿದ್ದಳು. ಈಗ ನರ್ಸುಗಳ ನಲವತ್ತು ಕೋಟು ಹೊಲಿಯದೆ ಬಿದ್ದಿತ್ತು. ಆಸ್ಪತ್ರೆಯ ಹಿರಿಯ ನರ್ಸಮ್ಮ ಎರಡು ಸಲ ಗಡುವು ಮುಂದೆ ಹಾಕಿ, ಇನ್ನು ಬರುವ ವಾರದ ಗುರುವಾರವೇ ಕೊನೆ ಎಂದು ಹೇಳಿ ಹೋಗಿದ್ದಳು.

"ಮೀನಿಗೆ ಬಾಯಿ ಇಲ್ಲ ಅತ್ತಿಗೆ. ನರ್ಸಮ್ಮನಿಗೆ ಇದೆ," ಎಂದಳು ಪುಟ್ಟಿ.

"ಮೆಲ್ಲಗೆ ಮಾತಾಡೆ."

"ನಿಮ್ಮ ಮನೇಲಿ ನೀವು ಮೆಲ್ಲಗೆ ಮಾತಾಡೋದನ್ನ ನಾನು ಈ ವಯಸ್ಸಿಗೆ ನೋಡ್ಬೇಕಾಯ್ತು. ಅಣ್ಣ ಇದ್ದಿದ್ರೆ ಎದ್ದು ಬಂದು ನೋಡ್ತಿದ್ದ, ಏನಾಯ್ತು ಇವಳಿಗೆ ಅಂತ."

"ನಿಮ್ಮಣ್ಣ ಎದ್ದು ಬರ್ತಿದ್ರಾ? ಮೈಮೇಲೆ ಚಾವಣಿ ಬಿದ್ರೂ ಏಳೋರಲ್ಲ ಆ ಕುರ್ಚಿಯಿಂದ."

ಆ ಕುರ್ಚಿಯದೂ ಒಂದು ಕತೆ. ಅದು ತೊಟ್ಟಿಗೆ ನೇರವಾಗಿ ಎಂದೂ ಇರಲಿಲ್ಲ. ಎಡಕ್ಕೆ ಓರೆಯಾಗಿ, ಗೋಡೆಗೆ ತೀರ ಹತ್ತಿರ, ನೋಡಿದವರ ಕಣ್ಣಿಗೆ ಚುಚ್ಚುವ ಹಾಗೆ ಸೊಟ್ಟಗೆ ಇರುತ್ತಿತ್ತು. ಬಟ್ಟೆಯ ನೂಲೆಳೆ ಒಂದಿಷ್ಟು ಓರೆಯಾದರೂ ಬಿಚ್ಚಿ ಹೊಲಿಯುವವಳು ಟೈಲರಮ್ಮ. ಕಸ ಗುಡಿಸುವಾಗಲೆಲ್ಲ ಅವಳು ಅದನ್ನು ನೆಟ್ಟಗೆ ಮಾಡುತ್ತಿದ್ದಳು. ಸಂಜೆ ಅವನು ಬಂದು ಮತ್ತೆ ಸೊಟ್ಟಗೆ ಮಾಡುತ್ತಿದ್ದ. ಈ ವಿಷಯಕ್ಕೆ ಇಪ್ಪತ್ತೆರಡು ವರ್ಷ ಜಗಳ ನಡೆದಿತ್ತು, ಅಂದರೆ ಅವಳೊಬ್ಬಳೇ ಆಡಿದ್ದಳು. ಅವನು ಹೋದ ಮರುವಾರ ಕುರ್ಚಿಯನ್ನು ತೊಟ್ಟಿಯ ನಟ್ಟನಡುವೆ ನೆಟ್ಟಗೆ ಇಟ್ಟು ಗೆದ್ದಿದ್ದಳು. ಗೆದ್ದು ಏನೂ ಅನಿಸಿರಲಿಲ್ಲ.

ಐದನೆಯ ದಿನ ಮೊದಲ ಸಲ ಆ ಕುರ್ಚಿಯಲ್ಲಿ ಕೂತಳು. ನಿಂತುಕೊಂಡು ಊಟ ಹಾಕಿದರೆ ಮೀನಿಗೆ ಮನುಷ್ಯ ರಾಕ್ಷಸನಂತೆ ಕಾಣುತ್ತಾನೆ, ಕೂತು ಅಲ್ಲಾಡದೆ ಹಾಕಿ ಎಂದು ಅಂಗಡಿಯವನು ಹೇಳಿದ್ದ. ಅಲ್ಲಾಡದೆ ಇರುವುದು ಹೇಗೆ? ಕುರ್ಚಿಯೇ ಅಲ್ಲಾಡುತ್ತಿತ್ತು. ಒಂದು ಕಾಲು ನೆಲಕ್ಕೆ ಊರಿದರೆ ಇನ್ನೊಂದು ಮೇಲೇಳುತ್ತಿತ್ತು. ಅವಳು ಬಗ್ಗಿ ನೋಡಿದಳು. ನೆಲದ ಹಲಗೆಯಲ್ಲಿ ಸವೆದು ನಾಲ್ಕು ಗುಳಿ ಬಿದ್ದಿದ್ದವು, ಹಳೆಯ ಸೊಟ್ಟ ಜಾಗದಲ್ಲಿ. ಬೇರೆ ದಾರಿ ಕಾಣದೆ ಬೈದುಕೊಳ್ಳುತ್ತಲೇ ಕುರ್ಚಿಯನ್ನು ಎಳೆದಳು. ನಾಲ್ಕೂ ಕಾಲು ನಾಲ್ಕು ಗುಳಿಯಲ್ಲಿ ಕೂತವು. ಅಲುಗಾಟ ನಿಂತಿತು.

ಕೂತು ನೋಡಿದರೆ ಎಂಥ ದರಿದ್ರ ಜಾಗ ಅದು. ಬಲಗಡೆಯ ಗುಡ್ಡೆ ಅಡ್ಡ ಬಂದು ಅರ್ಧ ತೊಟ್ಟಿ ಕಾಣುವುದೇ ಇಲ್ಲ. ಸೂಜಿಮೂತಿಯ ಸಂದಿ ನೋಡಬೇಕೆಂದರೆ ಕತ್ತು ಉಳುಕಬೇಕು. ಕಣ್ಣ ನೇರಕ್ಕೆ ಇದ್ದದ್ದು ಆ ಹಲ್ಲು ಬಿದ್ದ ಸಂದು, ಅದರಾಚೆ ತಾನೇ ಕಟ್ಟಿದ ಬಿಳಿ ಪರದೆ. ಇಷ್ಟು ವರ್ಷ ಇಲ್ಲಿ ಕೂತು ಏನು ನೋಡುತ್ತಿದ್ದನೋ ಮಹಾರಾಯ ಎಂದುಕೊಂಡಳು. ಮೀನಿನ ಹುಚ್ಚು ಅಂದರೆ ಹುಚ್ಚೇ.

ಅಂದೂ ಸೂಜಿಮೂತಿ ಬಾಯಿ ಹಾಕಲಿಲ್ಲ. ಮರುದಿನ ಅಂಗಡಿಯವನಿಗೆ ಮತ್ತೆ ಫೋನ್.

"ಹಳೇ ಮೀನುಗಳಾದ್ರೂ ಎದುರಿಗೆ ಬಂದು ತಿಂತಾವಾ?"

"ಇಲ್ಲಪ್ಪ. ನಾನು ಹೋದ್ಮೇಲೆ ತಿಂತಾವೆ."

"ಅದೇ ಆಗಿರೋದು. ಅವು ಹೆದರ್ಕೊಂಡಿದ್ರೆ ಹೊಸದು ಹೊರಗೆ ಬರಲ್ಲ. ಅವು ಧೈರ್ಯವಾಗಿ ತಿನ್ನೋದನ್ನ ನೋಡಿದ್ರೆ ಇದೂ ಕಲಿಯುತ್ತೆ. ಸಾಹೇಬ್ರು ಎಷ್ಟು ಹೊತ್ತಿಗೆ ಊಟ ಹಾಕ್ತಿದ್ರು? ಹೇಗೆ ಹಾಕ್ತಿದ್ರು?"

"ನನಗೇನು ಗೊತ್ತು? ಆ ಹೊತ್ತಲ್ಲಿ ನಾನು ಮೆಷಿನ್ ತುಳೀತಿದ್ದೆ," ಎಂದಳು ಟೈಲರಮ್ಮ.

ಉತ್ತರ ಅವಳ ಬಾಯಲ್ಲೇ ಇತ್ತು. ಅವಳ ಕಿವಿಗೂ ಬೀಳಲಿಲ್ಲ, ಅವನ ಕಿವಿಗೂ ಬೀಳಲಿಲ್ಲ.

"ಹತ್ತು ದಿನ ನೋಡಿ ಅಮ್ಮ," ಎಂದ ಅವನು. "ಅಷ್ಟರಲ್ಲಿ ತಿನ್ಲಿಲ್ಲ ಅಂದ್ರೆ ಬುಧವಾರ ನಾನೇ ಬಂದು ತಗೊಂಡು ಹೋಗ್ತೀನಿ. ನನ್ನ ಹತ್ರ ಇದರ ಜಾತಿಯವು ಇವೆ, ಜೊತೆಗೆ ಬಿಟ್ಟು ನೋಡ್ತೀನಿ. ಅದಕ್ಕಿಂತ ತಡ ಆದ್ರೆ ನನ್ನ ಕೈಲೂ ಉಳಿಯಲ್ಲ."

ಎಂಟನೆಯ ದಿನ ಬೆಳಿಗ್ಗೆ ಎದ್ದವಳೇ ತೊಟ್ಟಿಯ ಹತ್ತಿರ ಹೋದಳು. ಎಂಟು ದಿನ ಬದುಕಲ್ಲ ಎಂದಿದ್ದನಲ್ಲ. ಬದುಕಿತ್ತು. ಆದರೆ ಹೊಟ್ಟೆ ಬೆನ್ನಿಗೆ ಹತ್ತಿತ್ತು. ತಲೆಯ ಹಿಂದೆ ತಗ್ಗು ಬಿದ್ದಿತ್ತು. ಉಸಿರಾಡುವಾಗ ಕಿವಿರು ಬೇಗಬೇಗ ಬಡಿದುಕೊಳ್ಳುತ್ತಿತ್ತು. ಟೈಲರಮ್ಮ ಆ ದಿನ ಅಡುಗೆ ಮಾಡಲಿಲ್ಲ. ತನ್ನ ಗಂಡ ಎಂಟು ತಿಂಗಳು ಕಾದು ತರಿಸಿದ್ದನ್ನು ತಾನು ಎಂಟು ದಿನದಲ್ಲಿ ಕೊಲ್ಲುತ್ತಿದ್ದೇನೆ ಎಂದು ಅವಳಿಗೆ ಸಂಕಟವಾಯಿತು. ಅದರ ಹಿಂದೆಯೇ ಇನ್ನೊಂದೂ ಬಂತು. ಅವನು ಹೇಳಿದ ಒಂದು ಮಾತಾದರೂ ಸುಳ್ಳಾಗಲಿಲ್ಲ, ಅವನಿಗೆ ನನ್ನ ಬಗ್ಗೆ ಇದ್ದ ಲೆಕ್ಕ ಸರಿಯಾಗಿಯೇ ಇತ್ತು ಎಂಬುದು.

ಒಂಬತ್ತನೆಯ ದಿನ, ಮಂಗಳವಾರ, ನಾಲ್ಕು ಗಂಟೆಯ ಸುಮಾರಿಗೆ ಪುಟ್ಟಿ ಬಂದಳು. ಬಂದವಳೇ ನೇರ ಹೋಗಿ ಕೋಟುಗಳ ಗಂಟು ಬಿಚ್ಚಿದಳು.

"ಏನೇ ಮಾಡ್ತಿದ್ದೀಯ?" ಎಂದು ಟೈಲರಮ್ಮ ಒಳಕೋಣೆಯಿಂದ ಪಿಸುಗುಟ್ಟಿದಳು. ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಬಾಯಿ ತೆರೆಸಿದ ಕಪ್ಪೆಚಿಪ್ಪು.

"ಹೊಲೀತಿದ್ದೀನಿ. ಕತ್ತರಿಸಿಟ್ಟಿದ್ದೀರಲ್ಲ, ನೇರ ಹೊಲಿಗೆ ನನಗೂ ಬರುತ್ತೆ. ನಾಳಿದ್ದು ನರ್ಸಮ್ಮ ಬಂದು ನಿಂತ್ರೆ ನಿಮ್ಮ ಮೀನು ಉತ್ತರ ಕೊಡುತ್ತಾ?"

"ನಾಳೆ ಅವನು ಬಂದು ತಗೊಂಡು ಹೋಗ್ತಾನೆ ಪುಟ್ಟಿ. ಇವತ್ತೊಂದು ದಿನ ಸುಮ್ನಿರು."

"ಒಂಬತ್ತು ದಿನ ಸುಮ್ನಿದ್ದು ಏನಾಯ್ತು?"

ಹೌದಲ್ಲ, ಏನಾಯ್ತು? ಮಾತಿನಲ್ಲಿ ಟೈಲರಮ್ಮನನ್ನು ಸೋಲಿಸಿದವರು ಇರಲಿಲ್ಲ, ಆದರೆ ಆ ದಿನ ಪುಟ್ಟಿ ಸೋಲಿಸಿದಳು. ಇಕ್ಕಳ ಹಿಡಿದುಕೊಂಡೇ ಸೊಟ್ಟ ಕುರ್ಚಿಯಲ್ಲಿ ಕೂತಳು. ಆ ಕಡೆ ಪುಟ್ಟಿ ಡಬ್ಬಿಗಳನ್ನೆಲ್ಲ ತಡಕಾಡುವುದು ಕೇಳಿಸಿತು.

"ಜೇಬಿನ ಬಟ್ಟೆ ಎಲ್ಲಿ ಅತ್ತಿಗೆ? ಎರಡು ಮೀಟರ್ ಕಮ್ಮಿ ಇದೆ."

ಟೈಲರಮ್ಮ ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿಗೆ ಅದು ಕಂಡೇಬಿಟ್ಟಿತು. "ಓಹೋ, ಮೀನಿಗೆ ಹೊದಿಸಿದ್ದೀರಾ," ಎನ್ನುತ್ತ ಪರದೆಯನ್ನು ಎಳೆದು ಹೆಗಲ ಮೇಲೆ ಹಾಕಿಕೊಂಡು ಹೋದಳು. ಮೆಷಿನ್ನಿನ ಮರದ ಮುಚ್ಚಳ ತೆಗೆದ ಸದ್ದಾಯಿತು. ದಾರ ಪೋಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಕಟಕಟ ಶುರುವಾಯಿತು.

ಅದೇ ಹಳೆಯ ಸದ್ದು. ನೆಲದ ಹಲಗೆಗುಂಟ ಬಂದು ಕುರ್ಚಿಯ ಕಾಲಿಗೆ ತಾಗಿತು. ತೊಟ್ಟಿಯ ನೀರಿನ ಮೇಲೆ ಸಣ್ಣ ಸಣ್ಣ ಗೆರೆ ಎದ್ದವು. ಮುಗಿಯಿತು ಕತೆ ಎಂದುಕೊಂಡಳು ಟೈಲರಮ್ಮ. ಬೈಯಲು ತಲೆಯೆತ್ತಿದಳು.

ಎರಡೂ ಕಿತ್ತಳೆ ಮೀನುಗಳು ಮೂಲೆಯಿಂದ ಹೊರಟು ನೇರ ಅವಳೆದುರಿಗೆ ಬಂದು ನೀರಿನ ಮೇಲ್ಭಾಗದಲ್ಲಿ ನಿಂತವು. ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ, ತಟ್ಟೆ ಹಾಕಿದ್ದು ತಡವಾಯಿತು ಎನ್ನುವ ಮಕ್ಕಳ ಹಾಗೆ ಮೈ ಕುಣಿಸುತ್ತಿದ್ದವು. ನೀಲಿ ಪುಂಡನೂ ಬಂದ. ಏಳೆಂಟು ವಾರದಿಂದ ಅವಳನ್ನು ಕಂಡರೆ ಓಡುತ್ತಿದ್ದ ಮೂರೂ ಮೀನು, ಒಂದಡಿ ದೂರದಲ್ಲಿ, ಅವಳ ಕೈಯನ್ನೇ ನೋಡುತ್ತಿದ್ದವು. ಅವಳು ಯಾಂತ್ರಿಕವಾಗಿ ಒಂದು ಚಿಟಿಕೆ ಹಾಕಿದಳು. ಮುಗಿಬಿದ್ದು ತಿಂದವು.

ಜಾಲರಿಯಾಚೆ ಸೂಜಿಮೂತಿ ಸಂದಿಯಿಂದ ಅರ್ಧ ಮೈ ಹೊರಹಾಕಿತು. ನೋಡಿತು. ಒಳಸರಿಯಿತು. ಮತ್ತೆ ಹೊರಬಂತು. ಟೈಲರಮ್ಮ ಇಕ್ಕಳ ಇಳಿಸಿ ಚಿಪ್ಪನ್ನು ಅದರೆದುರು ಇಟ್ಟಳು. ಅದು ಚಿಪ್ಪಿನ ಸುತ್ತ ಒಂದು ಸುತ್ತು ಹಾಕಿತು, ತಲೆ ಕೆಳಗೆ ಮಾಡಿತು, ಮೂತಿ ಒಳಗೆ ತೂರಿಸಿ ಒಂದು ಎಳೆ ಕಿತ್ತಿತು. ಉಗುಳಿತು. ಉಗುಳಿದ್ದನ್ನೇ ಮತ್ತೆ ಹಿಡಿದು ನುಂಗಿತು. ಆಮೇಲೆ ಕುಕ್ಕತೊಡಗಿತು. ಮೆಷಿನ್ನಿನ ಸೂಜಿಯ ಹಾಗೆಯೇ, ಮೇಲೆ ಕೆಳಗೆ, ಮೇಲೆ ಕೆಳಗೆ.

ಮೆಷಿನ್ ನಿಂತಿತು. "ಏನಾಯ್ತು ಅತ್ತಿಗೆ? ಬೈಗುಳಾನೇ ಕೇಳ್ತಿಲ್ಲ."

"ನಿಲ್ಲಿಸ್ಬೇಡ. ತುಳಿ," ಎಂದಳು ಟೈಲರಮ್ಮ. "ತಿಂತಿದೆ."

ಪುಟ್ಟಿ ತುಳಿದಳು. ಟೈಲರಮ್ಮನಿಗೆ ಆಗ ತಿಳಿಯಿತು. ಈ ಮೀನುಗಳಿಗೆ ಊಟದ ಗಂಟೆ ಎಂದರೆ ಅವಳ ಮೆಷಿನ್. ಇಪ್ಪತ್ತೆರಡು ವರ್ಷ ಅವಳು ತುಳಿಯಲು ಕೂತ ಮೇಲೆಯೇ ಅವನು ಊಟ ಹಾಕಿದ್ದ, ಅವಳು ಎದ್ದ ಮೇಲೆಯೇ ಅವನೂ ಏಳುತ್ತಿದ್ದ. ಸದ್ದು ನಿಲ್ಲಿಸಿ ಅವುಗಳ ಊಟ ನಿಲ್ಲಿಸಿದವಳು ಅವಳೇ. ಅವು ಹೆದರಿದ್ದು ಗದ್ದಲಕ್ಕಲ್ಲ.

ಸೂಜಿಮೂತಿ ಇನ್ನೂ ಎಷ್ಟು ತಿಂದಿತೆಂದು ನೋಡಲು ಕತ್ತು ಉಳುಕಿಸಿ, ನೋವಾಗಿ, ನೆಟ್ಟಗೆ ಕೂತಳು. ಕಣ್ಣ ನೇರಕ್ಕೆ ಆ ಸಂದು ಬಂತು. ಪರದೆ ಈಗ ಇರಲಿಲ್ಲ. ಎರಡು ಗುಡ್ಡೆಗಳ ನಡುವೆ, ನೀರಿನ ಆಚೆ, ಬೀದಿ ಕಿಟಕಿಯ ಬೆಳಕಿನಲ್ಲಿ, ಅವಳ ಮೆಷಿನ್ ಕಂಡಿತು. ಸ್ಟೂಲು ಕಂಡಿತು. ಸ್ಟೂಲಿನ ಮೇಲೆ ಕೂತು ಬಟ್ಟೆ ದೂಡುತ್ತಿದ್ದವಳ ಬೆನ್ನು, ಬಗ್ಗಿದ ಕತ್ತು, ಕಿವಿಯ ಹಿಂದೆ ಬಿಚ್ಚಿಕೊಂಡ ಕೂದಲು, ಗಾಲಿ ತಿರುಗಿಸುವ ಮೊಣಕೈ, ಎಲ್ಲವೂ. ಎಡಕ್ಕೆ ಒಂದಂಗುಲ ಸರಿದರೆ ಕಲ್ಲು ಅಡ್ಡ ಬರುತ್ತಿತ್ತು. ಬಲಕ್ಕೆ ಸರಿದರೂ ಬರುತ್ತಿತ್ತು. ಗುಳಿ ಬಿದ್ದ ಆ ಜಾಗದಿಂದ ಮಾತ್ರ, ಚೌಕಟ್ಟು ಹಾಕಿದ ಹಾಗೆ, ಪೂರ್ತಿ ಕಾಣುತ್ತಿತ್ತು.

ಟೈಲರಮ್ಮನಿಗೆ ಅಳು ಬಂತು. ಸಾವಿನ ದಿನ ಜನರೆದುರು ಬಂದ ಅಳು ಬೇರೆ, ಇದು ಬೇರೆ. ಅದರ ಜೊತೆಗೇ ಕೆಟ್ಟ ಸಿಟ್ಟೂ ಬಂತು. ಬಾಯಿಬಿಟ್ಟು ಒಂದು ಸಲ, ಒಂದೇ ಒಂದು ಸಲ ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಮೂತಿ ತಿರುಗಿಸಿಕೊಂಡು ಮಲಗಿದ ದಿನಗಳೆಷ್ಟು. ನಿಮಗೆ ನಾನು ಬೇಡವಾದೆ ಎಂದು ಕೂಗಿದ್ದಕ್ಕೆಲ್ಲ ಹೂಂ, ಹೂಂ, ಹೂಂ. ತಿರುಗಿ ನೋಡಿದ್ದರೆ ಅವಳಿಗೇ ಕಾಣುತ್ತಿತ್ತಲ್ಲ. ಅವಳು ಕೂಗಿದ್ದಳು, ತಿರುಗಿರಲಿಲ್ಲ. ಬೆಳಕಿಗೆ ಮುಖ ಮಾಡಿ ಕೂತವಳು ತಿರುಗಿದರೆ ಹೊಲಿಗೆ ತಪ್ಪುತ್ತಿತ್ತು.

ಸೆರಗಿನಲ್ಲಿ ಮೂಗೊರೆಸಿಕೊಂಡಳು. ಸೂಜಿಮೂತಿ ಚಿಪ್ಪನ್ನು ಅರ್ಧ ಖಾಲಿ ಮಾಡಿತ್ತು. ನಾಳೆ ಬರುವುದು ಬೇಡ ಎಂದು ಅಂಗಡಿಯವನಿಗೆ ಹೇಳಬೇಕು. ಗುರುವಾರಕ್ಕೆ ನಲವತ್ತು ಕೋಟು. ರಾತ್ರಿಯಾಗುವ ಮೊದಲು ತಾನೂ ಕೂರಬೇಕು.

"ಅತ್ತಿಗೆ," ಎಂದಳು ಪುಟ್ಟಿ, ಹೊಲಿಗೆಯಿಂದ ಕಣ್ಣೆತ್ತದೆ. "ಮತ್ತೆ ಆ ಸೊಟ್ಟ ಜಾಗದಲ್ಲೇ ಕೂತಿದ್ದೀರಾ? ಅಲ್ಲಿಂದ ಮೀನು ಕಾಣುತ್ತಾ?"

"ಇಲ್ಲ ಕಣೆ," ಎಂದಳು ಟೈಲರಮ್ಮ. "ಇಲ್ಲಿಂದ ಮೀನು ಸರಿಯಾಗಿ ಕಾಣಲ್ಲ. ಮೆಷಿನ್ ಕಾಣುತ್ತೆ."

ಪುಟ್ಟಿಯ ಕಾಲು ಒಂದು ಕ್ಷಣ ನಿಂತಿತು. ಅವಳೂ ತಿರುಗಿ ನೋಡಲಿಲ್ಲ. ಆಮೇಲೆ ಮತ್ತೆ ತುಳಿಯತೊಡಗಿದಳು.